ಗುಲ್ಮಾರ್ಗದ ಸ್ಕೀ ಶಾಲೆಗೆ ಮಡಿಕೇರಿಯ ನಂಟು

ಗುಬ್ಬಿ, ಕುಣಿಗಲ್ ಕಡೆ ಮಂಜು ಅಂದರೆ ಮಾಗಿಯ ಇಬ್ಬನಿ. ಅದು ಚೆನ್ನಾಗಿ ಬಿದ್ದರೆ ಅವರೆಕಾಯಿಗೆ ಸೊಗಡು. ಹಿಮದ ಮೇಲೆ ಜಾರುವ ಸ್ಕೀಯಿಂಗ್ ನಮಗೆ ಟಿವಿಯಲ್ಲಿ ಕಂಡದ್ದಷ್ಟೇ. 'ಅದು ಕಾಶ್ಮೀರದವರ ಆಟ, ನಮಗ್ಯಾಕೆ' ಎಂಬ ಮಾತೂ ಸಾಮಾನ್ಯ. ಚರಿತ್ರೆ ಮಾತ್ರ ಬೇರೆಯದನ್ನೇ ಹೇಳುತ್ತದೆ.

ಗುಲ್ಮಾರ್ಗದಲ್ಲಿ 1927ರಲ್ಲಿ ಸ್ಕೀ ಕ್ಲಬ್ ಕಟ್ಟಿಕೊಂಡವರು ಬ್ರಿಟಿಷ್ ಸೇನಾಧಿಕಾರಿಗಳು. ಆಗ ಅದು ದೊರೆಗಳ ರಜೆಯ ಮೋಜು. ಸ್ವಾತಂತ್ರ್ಯ ಬಂದ ಕೂಡಲೇ ಕಾಶ್ಮೀರದಲ್ಲಿ ಯುದ್ಧ ಶುರುವಾಯಿತು. ಬಯಲುಸೀಮೆಯಿಂದ ಹೋದ ಸೈನಿಕರಿಗೆ ಶತ್ರುವಿನಷ್ಟೇ ಹಿಮವೂ ಸವಾಲಾಯಿತು.

ಅಲ್ಲಿ 19ನೇ ಡಿವಿಷನ್ ಮುನ್ನಡೆಸುತ್ತಿದ್ದವರು ಕೆ.ಎಸ್. ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1948ರ ನವೆಂಬರ್ 1ರಂದು, 11,000 ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನೇ ಹತ್ತಿಸಿ ಎದುರಾಳಿಗಳನ್ನು ಹಿಮ್ಮೆಟ್ಟಿಸಿದರು. ಮರುತಿಂಗಳೇ, ಡಿಸೆಂಬರಿನಲ್ಲಿ, ಗುಲ್ಮಾರ್ಗದಲ್ಲಿ ತಮ್ಮ ಡಿವಿಷನ್ನಿಗೆ ಸ್ಕೀ ಶಾಲೆ ತೆರೆದರು. 1949ರಲ್ಲಿ ಅದು ವಿಂಟರ್ ವಾರ್‌ಫೇರ್ ಸ್ಕೂಲ್ ಆಯಿತು. ಇವತ್ತಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅದೇ.

ತಿಮ್ಮಯ್ಯ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದದ್ದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಸ್ಕೀ ಶಾಲೆಯ ವಿಷಯ ಗೊತ್ತಿರುವವರು ಕಡಿಮೆ. ಅವರು ಹುಟ್ಟಿದ ಊರಲ್ಲೂ ಹಿಮ ಬೀಳುವುದಿಲ್ಲ. ಹಿಮದಲ್ಲಿ ನಡೆಯುವುದು ರಕ್ತದಲ್ಲಿ ಬರುವುದಲ್ಲ, ಕಲಿಸಿದರೆ ಬರುತ್ತದೆ ಎಂಬುದು ಆ ಶಾಲೆಯ ಆಧಾರ.

ಆ ಮಾತನ್ನು ಈಗ ಕೊಡಗಿನದೇ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ ನಿಜ ಮಾಡಿದ್ದಾರೆ. ಹಿಮದಲ್ಲಿ ದೂರ ಓಡುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಅವರ ಆಟ. 2025ರಲ್ಲಿ ಚಿಲಿ ದೇಶದಲ್ಲಿ ನಡೆದ 5 ಕಿ.ಮೀ. ಸ್ಪರ್ಧೆಯಲ್ಲಿ ಕಂಚು ಗೆದ್ದರು. ಈ ಆಟದಲ್ಲಿ ಅಂತರರಾಷ್ಟ್ರೀಯ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು.

ಈ ಆಟಕ್ಕೆ ಮೊದಲು ಬೇಕಾದದ್ದು ಉಸಿರು ಮತ್ತು ಕಾಲಿನ ಕಸುವು. ಹಿಮವಿಲ್ಲದ ತಿಂಗಳುಗಳಲ್ಲಿ ಯುರೋಪಿನ ಆಟಗಾರರೂ ಗಾಲಿ ಇರುವ ಸ್ಕೀ ಕಟ್ಟಿಕೊಂಡು ಟಾರು ರಸ್ತೆಯಲ್ಲೇ ಅಭ್ಯಾಸ ಮಾಡುತ್ತಾರೆ. ತುಮಕೂರಿನಲ್ಲಿ ರಸ್ತೆಗೆ ಬರವಿಲ್ಲ, ಏರು ಹತ್ತಲು ದೇವರಾಯನದುರ್ಗವಿದೆ. ಆದರೆ ಗಾಲಿಯ ಸ್ಕೀ, ಕಲಿಸುವವರು, ಚಳಿಗಾಲದಲ್ಲಿ ಉತ್ತರಕ್ಕೆ ಹೋಗಿಬರುವ ಖರ್ಚು, ಇವು ಹಳ್ಳಿಯ ಮನೆಗೆ ಎಟುಕುವಂಥವಲ್ಲ.

1948ರಲ್ಲಿ ಸೈನಿಕನಿಗೆ ಇದನ್ನೆಲ್ಲ ಒದಗಿಸಿದ್ದು ಸರ್ಕಾರ. ರಾಜ್ಯದ ಸಾಹಸ ಅಕಾಡೆಮಿಗೆ ಜನರಲ್ ತಿಮ್ಮಯ್ಯನವರ ಹೆಸರನ್ನೇ ಇಟ್ಟಿದ್ದೇವೆ. ಗುಬ್ಬಿಯ ಸರ್ಕಾರಿ ಕಾಲೇಜಿನ ಹುಡುಗಿ ಅಲ್ಲಿಗೆ ಹೋಗಿ 'ನನಗೆ ಸ್ಕೀ ಕಲಿಸಿ' ಎಂದರೆ ದಾರಿ ತೋರಿಸುವಂತಾದರೆ ಆ ಹೆಸರಿಟ್ಟದ್ದು ಸಾರ್ಥಕ.