ರಾಷ್ಟ್ರಪತಿಗಳ ಪದಗ್ರಹಣ: ಕಾಣುವ ಸಿದ್ಧತೆ, ಕಾಣದ ಸಿದ್ಧತೆ

ಹೊಸ ರಾಷ್ಟ್ರಪತಿಗಳು ಅಧಿಕಾರ ವಹಿಸಿಕೊಳ್ಳುವ ದಿನ ದೂರದರ್ಶನದ ಪರದೆಯ ಮೇಲೆ ನಾವು ಕಾಣುವುದು ಕುದುರೆ ಸವಾರರ ಅಂಗರಕ್ಷಕ ದಳವನ್ನು, ಸೇನೆಯ ಗೌರವರಕ್ಷೆಯನ್ನು. ಕೇಳುವುದು 21 ಕುಶಾಲತೋಪುಗಳ ಸದ್ದನ್ನು. ಯಾರು ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಕೂರಬೇಕು ಎಂಬುದೆಲ್ಲ ನಿಮಿಷದ ಲೆಕ್ಕದಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಇದಕ್ಕೂ ಮೊದಲು ನಡೆದಿರಬೇಕಾದ ಇನ್ನೊಂದು ಸಿದ್ಧತೆ ಉಂಟು. ಅದು ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹುಡುಕಲು ಸಂವಿಧಾನದ ಪುಟಗಳನ್ನೇ ತೆರೆಯಬೇಕು.

1950ರ ಜನವರಿ 26ರ ಸಮಾರಂಭವನ್ನೇ ತೆಗೆದುಕೊಳ್ಳೋಣ. ಅಂದು ಒಂದು ತೊಡಕಿತ್ತು. ರಾಷ್ಟ್ರಪತಿಗಳು ಸಂವಿಧಾನದಂತೆ ಆಯ್ಕೆಯಾಗಬೇಕು; ಆದರೆ ಸಂವಿಧಾನದ ಬಹುಭಾಗ ಜಾರಿಗೆ ಬರುವುದೇ ಆ ದಿನ. ಅವರನ್ನು ಆರಿಸಬೇಕಾದ ಸಂಸತ್ತು, ವಿಧಾನಸಭೆಗಳು ಹೊಸ ಕ್ರಮದಲ್ಲಿ ಇನ್ನೂ ಚುನಾಯಿತವಾಗಿರಲಿಲ್ಲ. ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1951-52ರಲ್ಲಿ. ಬೀಜ ಮೊದಲೋ ಮರ ಮೊದಲೋ ಎಂಬಂಥ ಪ್ರಶ್ನೆ ಇದು.

ಸಂವಿಧಾನ ರಚನಾ ಸಭೆ ಇದಕ್ಕೆ ಉತ್ತರವನ್ನು ಮೊದಲೇ ಬರೆದಿಟ್ಟಿತ್ತು. 394ನೇ ವಿಧಿಯ ಪ್ರಕಾರ ಕೆಲವು ವಿಧಿಗಳು ಮಾತ್ರ ಸಂವಿಧಾನ ಅಂಗೀಕಾರವಾದ 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಅವುಗಳಲ್ಲಿ 60ನೇ ವಿಧಿಯೂ ಒಂದು. ಅದರಲ್ಲಿರುವುದು ರಾಷ್ಟ್ರಪತಿಗಳ ಪ್ರಮಾಣವಚನ. ಇನ್ನೊಂದು 380ನೇ ವಿಧಿ. ಮೊದಲ ರಾಷ್ಟ್ರಪತಿಗಳನ್ನು ರಚನಾ ಸಭೆಯೇ ಆರಿಸಬಹುದೆಂದು ಅದು ಹೇಳಿತು. ಅದರಂತೆ 1950ರ ಜನವರಿ 24ರಂದು ಡಾ. ರಾಜೇಂದ್ರ ಪ್ರಸಾದರು ಅವಿರೋಧವಾಗಿ ಆಯ್ಕೆಯಾದರು. ಎಂದರೆ, ಗಣರಾಜ್ಯ ಹುಟ್ಟುವುದಕ್ಕೆ ಎರಡು ತಿಂಗಳ ಮುಂಚೆಯೇ ಪ್ರಮಾಣವಚನದ ಮಾತುಗಳು ಕಾನೂನಾಗಿ ಸಿದ್ಧವಾಗಿದ್ದವು.

ಆದ್ದರಿಂದಲೇ 26ರ ಬೆಳಿಗ್ಗೆ ಎಲ್ಲವೂ ಸರಾಗವಾಗಿ ಸಾಗಿತು. ಅಂದಿನ ಗವರ್ನಮೆಂಟ್ ಹೌಸ್, ಅಂದರೆ ನಂತರದ ರಾಷ್ಟ್ರಪತಿ ಭವನದ ದರ್ಬಾರ್ ಹಾಲ್‌ನಲ್ಲಿ, ಕೊನೆಯ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಗಣರಾಜ್ಯದ ಘೋಷಣೆಯನ್ನು ಓದಿದರು. ಆಗ ಗಂಟೆ 10.18. ಆರು ನಿಮಿಷಗಳ ಬಳಿಕ, 10.24ಕ್ಕೆ, ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕನಿಯಾ ಅವರು ರಾಜೇಂದ್ರ ಪ್ರಸಾದರಿಗೆ ಪ್ರಮಾಣವಚನ ಬೋಧಿಸಿದರು. 31 ಕುಶಾಲತೋಪುಗಳು ಹಾರಿದವು. ಇಂಡೋನೇಷ್ಯಾದ ಅಧ್ಯಕ್ಷ ಸುಕರ್ನೋ ಅತಿಥಿಯಾಗಿದ್ದರು. ಮಧ್ಯಾಹ್ನ ಆರು ಕುದುರೆಗಳ ಸಾರೋಟಿನಲ್ಲಿ ರಾಷ್ಟ್ರಪತಿಗಳು ಇರ್ವಿನ್ ಕ್ರೀಡಾಂಗಣಕ್ಕೆ ಹೊರಟರು. ಬ್ರಿಟಿಷರ ಕಾಲದ ಆ ಹಳೆಯ ಸಾರೋಟನ್ನು ಇದಕ್ಕಾಗಿಯೇ ಹೊಸದು ಮಾಡಿ, ಅದರ ಮೇಲೆ ಅಶೋಕನ ಸಿಂಹಲಾಂಛನವನ್ನು ಅಳವಡಿಸಲಾಗಿತ್ತು.

ಇದು ದಿನ ಗೊತ್ತುಮಾಡಿ ನಡೆಸಿದ ಸಮಾರಂಭ. ಸಾವು ದಿನ ಗೊತ್ತುಮಾಡಿ ಬರುವುದಿಲ್ಲ. 1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ನಿಧನರಾದಾಗ ಉಪರಾಷ್ಟ್ರಪತಿ ವಿ.ವಿ. ಗಿರಿ ಅವರು ಹಂಗಾಮಿಯಾಗಿ ಹೊಣೆ ಹೊತ್ತರು. ಅವರ ಸ್ಥಾನವೂ ತೆರವಾದರೆ ಮುಂದೇನು? ಸಂವಿಧಾನ ಅದನ್ನು ನೇರವಾಗಿ ಹೇಳಿರಲಿಲ್ಲ. 70ನೇ ವಿಧಿಯ ಮೂಲಕ ಸಂಸತ್ತಿಗೆ ಬಿಟ್ಟಿತ್ತು. ಸಂಸತ್ತು ಅದೇ ಮೇ ತಿಂಗಳಲ್ಲಿ ಕಾಯಿದೆ ಮಾಡಿ, ಆಗ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಆ ಕಾರ್ಯ ನಿರ್ವಹಿಸಬೇಕೆಂದು ಗೊತ್ತುಪಡಿಸಿತು. ಜುಲೈ 20ರಂದು ಚುನಾವಣೆಗೆ ನಿಲ್ಲಲೆಂದು ಗಿರಿ ರಾಜೀನಾಮೆ ಕೊಟ್ಟರು. ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರು ಆಗಸ್ಟ್ 24ರವರೆಗೆ ರಾಷ್ಟ್ರಪತಿಗಳ ಕಾರ್ಯ ನಿರ್ವಹಿಸಿದರು. ಕಾಯಿದೆ ಎರಡು ತಿಂಗಳೊಳಗೇ ಉಪಯೋಗಕ್ಕೆ ಬಂತು!

ಮುಂದಿನ ಪ್ರಸಂಗ ಕನ್ನಡಿಗರಿಗೆ ಹತ್ತಿರದ್ದು. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ತುರ್ತುಪರಿಸ್ಥಿತಿ ಇನ್ನೂ ತೆರವಾಗಿರಲಿಲ್ಲ; ಲೋಕಸಭಾ ಚುನಾವಣೆ ಎದುರಿಗಿತ್ತು. ಅಂಥ ಹೊತ್ತಿನಲ್ಲಿ, ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಅವರು ಅದೇ ದಿನ ಹೊಣೆ ವಹಿಸಿಕೊಂಡರು. ಮಾರ್ಚ್‌ನಲ್ಲಿ ಸರ್ಕಾರ ಬದಲಾಯಿತು; ಹೊಸ ಪ್ರಧಾನಿ ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರೇ. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದರು. ಅವರೂ ಆಮೇಲೆ ಬಂದವರೂ ಐದು ವರ್ಷಗಳ ಅವಧಿಯನ್ನು ಪೂರೈಸುತ್ತ ಬಂದುದರಿಂದ, 2022ರಲ್ಲಿ ದ್ರೌಪದಿ ಮುರ್ಮು ಅವರ ಪದಗ್ರಹಣವೂ ಜುಲೈ 25ರಂದೇ ನಡೆಯಿತು.

ಅಂದು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಪ್ರಮಾಣವಚನ ಮುಗಿದ ಮೇಲೆ ಹಳೆಯ ಮತ್ತು ಹೊಸ ರಾಷ್ಟ್ರಪತಿಗಳು ತಮ್ಮ ಆಸನಗಳನ್ನು ಬದಲಿಸಿಕೊಂಡರು. ನೋಡಲು ಅದು ಎರಡು ಹೆಜ್ಜೆಯ ಕೆಲಸ. ಅನೇಕ ದೇಶಗಳಲ್ಲಿ ಆ ಎರಡು ಹೆಜ್ಜೆಗಾಗಿ ರಕ್ತ ಹರಿದಿದೆ. ನಮ್ಮಲ್ಲಿ ಅದು ಶಾಂತವಾಗಿ ನಡೆಯುವುದು, ಕುರ್ಚಿ ತೆರವಾದರೆ ಮುಂದೆ ಯಾರು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಬರೆದಿರುವುದರಿಂದ. ಮೆರವಣಿಗೆಯನ್ನು ಮುಂದೂಡಬಹುದು, ತೋಪು ಹಾರಿಸದೆಯೂ ಇರಬಹುದು. ಆ ಉತ್ತರವಿಲ್ಲದೆ ಮಾತ್ರ ನಡೆಯುವುದಿಲ್ಲ. ವಿದ್ಯಾರ್ಥಿ ಮಿತ್ರರು 52ರಿಂದ 70ರವರೆಗಿನ ವಿಧಿಗಳನ್ನು ಒಮ್ಮೆ ಓದಿ ನೋಡಿ. ಮುಂದಿನ ಪದಗ್ರಹಣದ ದಿನ ಪರದೆಯ ಮೇಲೆ ಕಾಣುವುದರ ಅರ್ಥ ಇನ್ನಷ್ಟು ತಿಳಿಯಾಗುತ್ತದೆ.