ಸೂಜಿಗೆ ಮುಂಚೆ ಮಾತ್ರೆ ಯಾಕೆ ಬೇಡ

ಮೊನ್ನೆ ಪಕ್ಕದ ಮನೆ ಸೊಸೆ ಕೂಸನ್ನ ಎತ್ಕೊಂಡು ಬಂದ್ಳು. ಒಂದೂವರೆ ತಿಂಗಳ ಸೂಜಿ ಹಾಕಿಸ್ಬೇಕಿತ್ತು. "ಅಕ್ಕಾ, ಹೋಗೋಕೆ ಮುಂಚೆನೇ ಜ್ವರದ ಔಷಧಿ ಕುಡಿಸ್ಬಿಡ್ಲಾ?" ಅಂದ್ಳು. ಜಗಲಿ ಮೇಲೆ ಕೊಬ್ಬರಿ ಗಿಟುಕು ಆರಿಸ್ತಿದ್ದ ನಮ್ಮತ್ತೆ, "ಮುಂಚೆನೂ ಬೇಡ, ಆಮೇಲೂ ಬೇಡ" ಅಂದ್ರು. ಇಬ್ರದೂ ಅರ್ಧ ಸರಿ, ಅರ್ಧ ತಪ್ಪು.

ಅತ್ತೆ ಮಾತು ಸಿಡುಬಿನ ಕಾಲದ್ದು. ಆಗ ಮನೇಲಿ ಯಾರಿಗಾದ್ರೂ ಸಿಡುಬು ಎದ್ರೆ "ಅಮ್ಮ ಬಂದವ್ಳೆ" ಅಂತ ಒಗ್ಗರಣೆ ನಿಲ್ಲಿಸಿ, ಬೇವಿನಸೊಪ್ಪು ಹಾಸಿ ಮಲಗಿಸ್ತಿದ್ರು. ಔಷಧಿ ಕೊಟ್ರೆ ಅಮ್ಮ ಮುನಿಸ್ಕೋತಾಳೆ ಅನ್ನೋ ಭಯ. ದಾಕು ಹಾಕಿಸಿ ತೋಳಲ್ಲಿ ಗುಳ್ಳೆ ಎದ್ದಾಗಲೂ ನಮ್ಮನೇಲಿ ಅದೇ ಪಥ್ಯ. ಅತ್ತೆ ತೋಳಲ್ಲಿ ಆ ಕಲೆ ಈಗ್ಲೂ ಇದೆ.

ನಮ್ಮ ದೇಶದಲ್ಲಿ ಮೊದಲ ದಾಕು ಹಾಕಿದ್ದು 1802ರಲ್ಲಿ, ಬೊಂಬಾಯಿಯ ಮೂರು ವರ್ಷದ ಹೆಣ್ಣುಮಗುವಿಗೆ. 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಹಾಕಿಸ್ಕೊಂಡಿದ್ದು ನೋಡಿ ಮೈಸೂರು ಸೀಮೆ ಜನಕ್ಕೆ ಧೈರ್ಯ ಬಂತು ಅಂತ ಆಗಿನ ಇಂಗ್ಲಿಷರ ಕಾಗದಪತ್ರದಲ್ಲಿದೆ. 1977ರಲ್ಲಿ ದೇಶದಿಂದ ಸಿಡುಬು ಹೋಯ್ತು ಅಂತ ಘೋಷಿಸಿದ್ರು. ಸಿಡುಬು ಹೋದ್ರೂ ಪಥ್ಯ ಹೋಗ್ಲಿಲ್ಲ.

ಸೊಸೆ ಮಾತು ಈ ಕಾಲದ್ದು. ಅದನ್ನೂ ಪರೀಕ್ಷೆ ಮಾಡವ್ರೆ. ಚೆಕ್ ದೇಶದಲ್ಲಿ 459 ಕೂಸುಗಳ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯ್ತು. ಜ್ವರ ಬರೋಕೆ ಮುಂಚೆನೇ ಪ್ಯಾರಸಿಟಮಾಲ್ ಕೊಟ್ಟ ಕೂಸುಗಳಿಗೆ ಜ್ವರ ಕಮ್ಮಿಯಾಯ್ತು. ಆದ್ರೆ ಲಸಿಕೆಯಿಂದ ಮೈಯಲ್ಲಿ ಹುಟ್ಟಬೇಕಾದ ರಕ್ಷಣೆಯೂ ಒಂದಷ್ಟು ಕಮ್ಮಿಯಾಯ್ತು. ಕೊರೊನಾ ಲಸಿಕೆ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ಕೂಡ, ಮುಂಚಿತವಾಗಿ ನೋವಿನ ಮಾತ್ರೆ ನುಂಗ್ಬೇಡಿ, ಆಮೇಲೆ ಜ್ವರ, ನೋವು ಬಂದ್ರೆ ತಗೋಬಹುದು ಅಂತು.

ಇನ್ನೊಂದು ತಪ್ಪು ನಮ್ಮನೇಲೇ ಆಗಿದ್ದು. 2021ರಲ್ಲಿ ಕೊರೊನಾ ಸೂಜಿಗೆ ಹೋಗೋ ಮುಂಚೆ ಅತ್ತೆ ಮೂರು ದಿನ ಬಿಪಿ ಮಾತ್ರೆ ಬಿಟ್ಟಿದ್ರು, ನಮಗೆ ಹೇಳ್ಲೇ ಇಲ್ಲ. ಸೂಜಿ ದಿನ ತಲೆ ಸುತ್ತಿ ತೋಟದ ಬದಿಯಲ್ಲೇ ಕುಸಿದು ಕೂತ್ರು. ನೋಡಿದ್ರೆ ಬಿಪಿ ಏರಿತ್ತು. ಬಿಪಿ, ಸಕ್ಕರೆ ಮಾತ್ರೆ ಸೂಜಿಗೋಸ್ಕರ ನಿಲ್ಲಿಸ್ಬಾರ್ದು ಕಣ್ರವ್ವಾ. ರಕ್ತ ತೆಳುವಾಗಿಸೋ ಮಾತ್ರೆ ನುಂಗೋರು ಅದನ್ನೂ ಬಿಡದೆ, ಸೂಜಿ ಹಾಕೋರಿಗೆ ಮೊದಲೇ ಹೇಳ್ಬೇಕು.

ಕೂಸಿಗೆ ಆವತ್ತು ರಾತ್ರಿ ಮೈ ಬಿಸಿಯಾಯ್ತು. ನರ್ಸಮ್ಮ ತೂಕ ನೋಡಿ ಹೇಳಿದ್ದ ಅಳತೆಯಲ್ಲೇ ಔಷಧಿ ಕುಡಿಸಿದ್ರು. ಜ್ವರ ಇಳೀದೇ ಇದ್ರೆ, ಕೂಸು ಹಾಲು ಬಿಟ್ರೆ, ಅಳು ನಿಲ್ಲಿಸದಿದ್ರೆ ಡಾಕ್ಟ್ರ ಹತ್ರ ಹೋಗಿ ಅಂತಲೂ ಹೇಳಿದ್ರಂತೆ. ಬೆಳಿಗ್ಗೆ ಹೊತ್ತಿಗೆ ಕೂಸು ಆಡ್ತಿತ್ತು. ಅತ್ತೆ ಹೋಗಿ ನೋಡ್ಕಂಡು ಬಂದು, "ಆಮೇಲೆ ಕೊಟ್ರೆ ಪರವಾಗಿಲ್ಲ ಬಿಡು" ಅಂದ್ರು.