ಶಾಲೆಯೋ ಮೊರವೋ: ಥೈಮಸ್ ಗ್ರಂಥಿಯ ಚರಿತ್ರೆ

ಕನ್ನಡ ಎಂ.ಎ. ಓದುವವನಿಗೆ ರೋಗನಿರೋಧದ ಚರಿತ್ರೆಯಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ನನ್ನನ್ನು ಇಲ್ಲಿಗೆ ಎಳೆದದ್ದು ಒಂದು ರೂಪಕ. ಟಿ ಕೋಶಗಳು ಥೈಮಸ್ ಎಂಬ ‘ಶಾಲೆ’ಯಲ್ಲಿ ಪಾಠ ಕಲಿತು ಹೊರಬರುತ್ತವೆ ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅಲ್ಲಿ ಪಾಠಕ್ಕಿಂತ ಆರಿಸುವ ಕೆಲಸವೇ ಹೆಚ್ಚು ಎನ್ನುವುದು ನನ್ನ ವಾದ.

ಥೈಮಸ್ ಎದೆಮೂಳೆಯ ಹಿಂದಿರುವ ಗ್ರಂಥಿ. ಬಾಲ್ಯದಲ್ಲಿ ದೊಡ್ಡದು, ಹರೆಯದ ನಂತರ ಕುಗ್ಗುತ್ತದೆ. ಬೆಳೆದ ಪ್ರಾಣಿಗಳಲ್ಲಿ ಅದನ್ನು ತೆಗೆದರೂ ಹೇಳಿಕೊಳ್ಳುವಂಥ ತೊಂದರೆ ಕಾಣುತ್ತಿರಲಿಲ್ಲ. ಒಳಗೆ ನೋಡಿದರೆ ಸತ್ತ ಲಿಂಫೋಸೈಟ್‌ಗಳ ರಾಶಿ. ಹಾಗಾಗಿ 1950ರ ದಶಕದಲ್ಲೂ ಅದನ್ನು ಕೋಶಗಳ ಸ್ಮಶಾನ ಅಂತ ತಿಳಿದವರಿದ್ದರು.

ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಇಲಿಗಳ ರಕ್ತದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಅದಕ್ಕಾಗಿ ಆಗಷ್ಟೇ ಹುಟ್ಟಿದ ಮರಿಗಳ ಥೈಮಸ್ ತೆಗೆದರು. ಮರಿಗಳು ಬರಬರುತ್ತ ಸೊರಗಿದವು, ಲಿಂಫೋಸೈಟ್‌ಗಳು ಕಡಿಮೆಯಾದವು. ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೆ ದೇಹ ಅದನ್ನು ತಿರಸ್ಕರಿಸಲೇ ಇಲ್ಲ. 1961ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬೆಳೆದ ಪ್ರಾಣಿಯಲ್ಲಿ ಥೈಮಸ್‌ನಿಂದ ಹೊರಟ ಕೋಶಗಳು ಆಗಲೇ ಮೈಯೆಲ್ಲ ಹರಡಿರುತ್ತವೆ. ಹಿಂದಿನವರಿಗೆ ವ್ಯತ್ಯಾಸ ಕಾಣದ್ದು ಅದಕ್ಕೇ. 1968ರಲ್ಲಿ ಮೆಲ್ಬರ್ನ್‌ನಲ್ಲಿ ಮಿಲ್ಲರ್ ಮತ್ತು ಗ್ರಹಾಂ ಮಿಚೆಲ್ ಇನ್ನೊಂದು ಮಾತು ತೋರಿಸಿದರು: ಪ್ರತಿಕಾಯ ತಯಾರಿಸುವುದು ಮೂಳೆಮಜ್ಜೆಯಿಂದ ಬಂದ ಕೋಶ, ಅದಕ್ಕೆ ನೆರವಾಗುವುದು ಥೈಮಸ್‌ನಿಂದ ಬಂದ ಕೋಶ. ಥೈಮಸ್‌ನ ಮೊದಲ ಅಕ್ಷರವೇ ‘ಟಿ’ ಎಂಬ ಹೆಸರಾಯಿತು.

ಹಾಗಾದರೆ ಆ ಸತ್ತ ಕೋಶಗಳ ರಾಶಿ ಏನು? ನಮ್ಮ ಮನೆಗಳಲ್ಲಿ ಅಕ್ಕಿ ಹಸನು ಮಾಡುವ ಕ್ರಮ ಉಂಟಲ್ಲ, ಹಾಗೆಯೇ ಇದು. ಮೂಳೆಮಜ್ಜೆಯಿಂದ ಬಂದ ಎಳೆಯ ಕೋಶಗಳು ಥೈಮಸ್‌ನಲ್ಲಿ ವಂಶವಾಹಿ ತುಣುಕುಗಳನ್ನು ಮನಬಂದಂತೆ ಜೋಡಿಸಿ ತಮ್ಮ ತಮ್ಮ ಗ್ರಾಹಕ ಕಟ್ಟಿಕೊಳ್ಳುತ್ತವೆ. ದೇಹದ ಸ್ವಂತ ಗುರುತಿನ ಅಣುಗಳನ್ನು ಸ್ವಲ್ಪವೂ ಹಿಡಿಯಲಾರದ ಕೋಶ ಜೊಳ್ಳು. ಅದು ತಾನಾಗಿ ಸಾಯುತ್ತದೆ. ಅತಿ ಬಿಗಿಯಾಗಿ ಹಿಡಿಯುವ ಕೋಶ ಕಲ್ಲು. ಹೊರಗೆ ಬಿಟ್ಟರೆ ಸ್ವಂತ ಮೈಯನ್ನೇ ಕೊಂದೀತು, ಆದ್ದರಿಂದ ಅಂಥ ಹೆಚ್ಚಿನ ಕೋಶಗಳಿಗೆ ಅಲ್ಲೇ ಸಾವು. ಈ ಎರಡನೆಯ ಸಾವಿಗೆ ನೇರ ಪುರಾವೆಯನ್ನು 1987ರಲ್ಲಿ ಅಮೆರಿಕದ ಜಾನ್ ಕ್ಯಾಪ್ಲರ್, ಫಿಲಿಪ್ಪಾ ಮ್ಯಾರಕ್ ತಂಡ ಕೊಟ್ಟಿತು. ನೂರಕ್ಕೆ ಸುಮಾರು 95 ಕೋಶಗಳು ಹೊರಗಿನ ರಕ್ತ ಕಾಣುವುದೇ ಇಲ್ಲ. ಉಳಿದವುಗಳಲ್ಲಿ ಕೆಲವು ನೆರವಿನ ಕೋಶ, ಕೆಲವು ಕೊಲ್ಲುವ ಕೋಶ. ಕಣ್ತಪ್ಪಿ ಹೊರಬಿದ್ದ ಕಲ್ಲುಗಳನ್ನು ತಡೆಯುವ ವ್ಯವಸ್ಥೆ ಹೊರಗೂ ಉಂಟು. ಅದೂ ಸೋತಾಗ ಟೈಪ್ 1 ಮಧುಮೇಹದಂಥ ರೋಗ ಬರುತ್ತದೆ.

‘ಶಾಲೆ’ ಎಂದರೆ ಈ ಸಾವುಗಳು ಮರೆಯಾಗುತ್ತವೆ. ನೂರರಲ್ಲಿ 95 ಮಂದಿಯನ್ನು ಕೊಲ್ಲುವ ಶಾಲೆ ಎಲ್ಲಿಯಾದರೂ ಉಂಟೇ? ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದನ್ನು ವಿವರಿಸುವಾಗ ಕೇರುವುದು, ಆರಿಸುವುದು ಎಂಬ ಮಾತುಗಳೇ ಹತ್ತಿರದವು ಅಂತ ನನ್ನ ಅಭಿಪ್ರಾಯ. ಚರ್ಚೆಗೆ ಸ್ವಾಗತ.